ಚಾಕುವಿನ ಬೆನ್ನಿಗೇಕೆ ಸಾಣೆ?

ಚಾಕು ಕೊಳ್ಳುವವರ ಕಣ್ಣೆಲ್ಲ ಬಾಯಿಯ ಹರಿತದ ಮೇಲಿರುತ್ತದೆ. ಬೆನ್ನನ್ನು ತಿರುಗಿಸಿ ನೋಡುವವರು ಕಡಿಮೆ. ಕೆಲವು ಚಾಕುಗಳ ಬೆನ್ನಿನಲ್ಲಿ, ಮೊನೆಯ ಸಮೀಪ, ಎರಡೂ ಪಕ್ಕಗಳಿಂದ ಉಕ್ಕನ್ನು ಓರೆಯಾಗಿ ಸವೆಸಿರುತ್ತಾರೆ. ತಯಾರಕರು ಇದನ್ನು ಸ್ವೆಜ್ ಎನ್ನುತ್ತಾರೆ. ಏನನ್ನೂ ಕತ್ತರಿಸದ ಕಡೆಗೆ ಇಷ್ಟು ಶ್ರಮವೇಕೆ?

ಉತ್ತರ ದಪ್ಪದ ಲೆಕ್ಕದಲ್ಲಿದೆ. ಉಕ್ಕಿನ ಪಟ್ಟಿ ಪಕ್ಕಕ್ಕೆ ಬಾಗದಂತೆ ತಡೆಯುವ ಬಿಗಿ ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. 4 ಮಿಲಿಮೀಟರ್ ದಪ್ಪವನ್ನು 2ಕ್ಕೆ ಇಳಿಸಿದರೆ ಬಿಗಿ ಅರ್ಧವಾಗುವುದಿಲ್ಲ, ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಹಾಗಾಗಿಯೇ ಗಟ್ಟಿಮುಟ್ಟಾದ ಚಾಕುವಿಗೆ ದಪ್ಪ ಬೆನ್ನು ಬೇಕು. ಆದರೆ ಅದೇ ದಪ್ಪ ಮೊನೆಯವರೆಗೂ ಹಾಗೆಯೇ ಬಂದರೆ ಚುಚ್ಚುವಾಗ ತೊಡಕಾಗುತ್ತದೆ. ಮೊನೆ ಒಳಗೆ ಇಳಿದ ಕೂಡಲೇ ಅದರ ಹಿಂದಿನ ಅಗಲವಾದ ಭಾಗವೂ ವಸ್ತುವನ್ನು ಸೀಳಿಕೊಂಡು, ಪಕ್ಕಕ್ಕೆ ತಳ್ಳಿಕೊಂಡು ಸಾಗಬೇಕು. ಬೆನ್ನಿನ ಎರಡು ಮೂಲೆಗಳನ್ನು ಸವೆಸಿದರೆ ತಳ್ಳಬೇಕಾದ ಗಾತ್ರ ತಗ್ಗುತ್ತದೆ, ಮೊನೆ ಸಲೀಸಾಗಿ ಇಳಿಯುತ್ತದೆ. ಅಲಗಿನ ಅತಿ ದಪ್ಪದ ಗೆರೆ ಬೆನ್ನಿನಿಂದ ಸರಿದು ನಡುವಿಗೆ ಬರುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸವೆದುಹೋದ ಆ ಮೂಲೆಗಳು ಅಲಗಿನ ದಪ್ಪದ ನಟ್ಟನಡುವಿನಿಂದ ಅತ್ಯಂತ ದೂರದಲ್ಲಿದ್ದವು. ಬಾಗುವಿಕೆಯನ್ನು ತಡೆಯುವುದರಲ್ಲಿ ದೊಡ್ಡ ಪಾಲು ಅವುಗಳದ್ದೇ ಆಗಿತ್ತು. ಇಂಥ ಚಾಕುವಿನ ಮೊನೆಯನ್ನು ಸಂದಿಗೆ ತೂರಿಸಿ ಮೀಟಿದರೆ ಅದು ಮುರಿಯುವ ಸಂಭವ ಹೆಚ್ಚು. ಚಾಕುವನ್ನು ಸೌದೆಯ ಮೇಲಿಟ್ಟು, ಬೆನ್ನಿಗೆ ಕೊರಡಿನಿಂದ ಬಡಿದು ಸೀಳುವವರಿಗೂ ಸ್ವೆಜ್ ಶತ್ರುವೇ: ಕಿರಿದಾದ ಅಂಚು ಕೊರಡನ್ನೇ ಕಚ್ಚಿ ತಿನ್ನುತ್ತದೆ.

ತೂಕದ ವಿಚಾರ ನನಗೆ ಇನ್ನೂ ಸ್ವಾರಸ್ಯಕರವಾಗಿ ಕಾಣುತ್ತದೆ. ತಿರುಗುವ ವಸ್ತುವಿನ ಜಡತ್ವ ದೂರದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಮಣಿಕಟ್ಟಿನಿಂದ 20 ಸೆಂಟಿಮೀಟರ್ ದೂರದ ಒಂದು ಗ್ರಾಂ ಉಕ್ಕು, 10 ಸೆಂಟಿಮೀಟರ್ ದೂರದ ಒಂದು ಗ್ರಾಂಗಿಂತ ನಾಲ್ಕು ಪಟ್ಟು ಹೆಚ್ಚು ತಡೆಯೊಡ್ಡುತ್ತದೆ. ಮೊನೆಯ ಬಳಿ ತೆಗೆದ ಚೂರು ಲೋಹವೂ ಕೈಗೆ ತಿಳಿಯುವುದು ಇದರಿಂದಲೇ. ನುರಿತ ಕಮ್ಮಾರರು ಇದಕ್ಕಾಗಿ ಹಿಡಿಯಿಂದ ಮೊನೆಯವರೆಗೆ ಇಡೀ ಬೆನ್ನನ್ನೇ ಕ್ರಮೇಣ ತೆಳುವಾಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅದೇ ಹೆಚ್ಚು ಪ್ರಾಮಾಣಿಕವಾದ ಕೆಲಸ. ಮೊದಲೇ ತೆಳುವಾಗಿರುವ ಅಲಗಿಗೆ ಕೊರೆದ ಸ್ವೆಜ್ ಬಹುಮಟ್ಟಿಗೆ ಅಲಂಕಾರ. ಕಣ್ಣಿಗೆ ಚೆನ್ನ, ಕೆಲಸಕ್ಕೆ ಅಷ್ಟಕ್ಕಷ್ಟೇ.

ಬೆನ್ನಿನ ಮೂಲೆಗಳನ್ನು ಹೇಗೆ ಬಿಡಬೇಕೆಂಬುದೂ ಬಳಕೆಯನ್ನೇ ಅವಲಂಬಿಸಿದೆ. ಕಾಡಿನಲ್ಲಿ ಬೆಂಕಿ ಹೊತ್ತಿಸಲು ಫೆರೋಸೀರಿಯಂ ಎಂಬ ಮಿಶ್ರಲೋಹದ ಕಡ್ಡಿಯನ್ನು ಕೆರೆಯುವವರಿಗೆ ಚೂಪಾದ 90 ಡಿಗ್ರಿ ಮೂಲೆಯೇ ಬೇಕು. ಅದು ಎಬ್ಬಿಸುವ ಲೋಹದ ಸಣ್ಣ ಹೊಟ್ಟು ಗಾಳಿ ಸೋಕಿದೊಡನೆ ಉರಿದು ಕಿಡಿಯಾಗುತ್ತದೆ. ಗುಂಡಗಾದ ಬೆನ್ನು ಕಡ್ಡಿಯ ಮೇಲೆ ಜಾರುತ್ತದಷ್ಟೇ. ಅಡುಗೆಮನೆಯ ಚಾಕುವಿಗೆ ಇದರ ತದ್ವಿರುದ್ಧ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಲಗನ್ನೇ ಚಿವುಟಿ ಹಿಡಿಯುವವರಿಗೆ ತೋರುಬೆರಳಿನ ಬುಡ ಸದಾ ಬೆನ್ನಿಗೆ ಒತ್ತಿಕೊಂಡಿರುತ್ತದೆ. ಮೂಲೆಗಳು ಚೂಪಾಗಿದ್ದರೆ ಬೇಗನೆ ಅಲ್ಲಿ ಬೊಬ್ಬೆ ಏಳುತ್ತದೆ. ಹಿಡಿಯ ಪಕ್ಕದ ಕೆಲವು ಸೆಂಟಿಮೀಟರ್ ಬೆನ್ನನ್ನು ನಯವಾದ ಸಾಣೆಕಾಗದದಿಂದ ಉಜ್ಜಿ ಗುಂಡಗಾಗಿಸಿದರೆ ಸಾಕು, ಈ ತೊಂದರೆ ತಪ್ಪುತ್ತದೆ.