ಜಾನಿ ರಮೋನ್ ಸಾವಿಗೆ ಬೆಂಗಳೂರೇಕೆ ಮರುಗುತ್ತದೆ?

ಅಭಿಮಾನವನ್ನು ಬೆಂಗಳೂರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶಂಕರ್‌ನಾಗ್ ತೀರಿಕೊಂಡು ಮೂರು ದಶಕ ದಾಟಿದರೂ ಆಟೊಗಳ ಬೆನ್ನ ಮೇಲೆ ಅವರ ಮುಖ ಮಾಸಿಲ್ಲ. ಪುನೀತ್ ಹೋದಾಗ ಕಂಠೀರವ ಕ್ರೀಡಾಂಗಣದತ್ತ ಹರಿದ ಜನರನ್ನು ಇಡೀ ನಾಡೇ ಕಂಡಿದೆ. ಇದೇ ಊರಿನಲ್ಲಿ ಸೆಪ್ಟೆಂಬರ್ 15ರ ಆಸುಪಾಸಿನಲ್ಲಿ ಇನ್ನೊಬ್ಬನಿಗಾಗಿ ಮರುಗುವವರೂ ಇದ್ದಾರೆ. ಕಟೌಟ್ ಇಲ್ಲ, ಹಾರ ಇಲ್ಲ, ಅನ್ನದಾನವಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಬ್ಯಾಂಡ್‌ಗಳು ಅಭ್ಯಾಸ ನಡೆಸುವ ಜ್ಯಾಮ್ ರೂಮುಗಳಲ್ಲಿ, ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವನ ಹೆಸರು ಮತ್ತೆ ಓಡಾಡುತ್ತದೆ. ಅವನೇ ಜಾನಿ ರಮೋನ್. ಪಂಕ್ ಎಂಬ ಸರಳ, ಬಿರುಸಿನ ರಾಕ್ ಸಂಗೀತ ನುಡಿಸುತ್ತಿದ್ದ ಅಮೆರಿಕದ ರಮೋನ್ಸ್ ತಂಡದ ಗಿಟಾರ್ ವಾದಕ. 2004ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡಾಗ ಅವನಿಗಿನ್ನೂ 55.

ಇಲ್ಲಿ ಮರುಗುವ ಬಹುತೇಕರು ಅವನನ್ನು ವೇದಿಕೆಯ ಮೇಲೆ ಕಂಡವರಲ್ಲ. 2,263 ಕಾರ್ಯಕ್ರಮ ಕೊಟ್ಟು ರಮೋನ್ಸ್ 1996ರ ಆಗಸ್ಟ್‌ನಲ್ಲೇ ವಿದಾಯ ಹೇಳಿತ್ತು. ಆಮೇಲೆ ಹುಟ್ಟಿದವರೂ ಈ ದುಃಖದಲ್ಲಿ ಪಾಲುದಾರರು. ಕಾರಣ ತಿಳಿಯಬೇಕಾದರೆ 1974ರ ನ್ಯೂಯಾರ್ಕ್‌ಗೆ ಹೋಗಬೇಕು.

ಕ್ವೀನ್ಸ್ ಭಾಗದ ಫಾರೆಸ್ಟ್ ಹಿಲ್ಸ್ ಬಡಾವಣೆಯ ಜಾನ್ ಕಮ್ಮಿಂಗ್ಸ್, ಅಂದರೆ ಮುಂದಿನ ಜಾನಿ ರಮೋನ್, ಕಟ್ಟಡ ಕೆಲಸದಲ್ಲಿದ್ದವನು. ಆ ವರ್ಷ ಸುಮಾರು 50 ಡಾಲರ್ ಕೊಟ್ಟು ಮೊಸ್‌ರೈಟ್ ಗಿಟಾರೊಂದನ್ನು ಕೊಂಡ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡದ್ದು, ಅಷ್ಟೆ. ಆಗ ರಾಕ್ ಎಂದರೆ ಪಾಂಡಿತ್ಯ: ಒಬ್ಬನೇ ಕೈಚಳಕ ತೋರಿಸುವ ಹತ್ತು ನಿಮಿಷದ ಸೋಲೊ, ಲಾರಿಗಟ್ಟಲೆ ಸಲಕರಣೆ, ದೊಡ್ಡ ದೊಡ್ಡ ಕ್ರೀಡಾಂಗಣ. ಜಾನಿ, ಹಾಡುಗಾರ ಜೋಯಿ, ಬೇಸ್ ಗಿಟಾರಿನ ಡೀಡೀ, ಡ್ರಮ್ಸ್‌ನ ಟಾಮಿ ಎಂಬ ನಾಲ್ವರು ಆ ಪಾಂಡಿತ್ಯದ ಗೊಡವೆಗೇ ಹೋಗಲಿಲ್ಲ. ಅಣ್ಣತಮ್ಮಂದಿರಲ್ಲದಿದ್ದರೂ ಎಲ್ಲರೂ ರಮೋನ್ ಎಂಬ ಒಂದೇ ಮನೆತನದ ಹೆಸರು ಇಟ್ಟುಕೊಂಡರು. ಸಿಬಿಜಿಬಿ ಎಂಬ ಕ್ಲಬ್ಬಿನಲ್ಲಿ ನುಡಿಸತೊಡಗಿದರು. 1976ರಲ್ಲಿ ಬಂದ ಮೊದಲ ಆಲ್ಬಂಗೆ ಆದ ಖರ್ಚು ಸುಮಾರು 6,400 ಡಾಲರ್. 14 ಹಾಡು, 29 ನಿಮಿಷ, ಮುಗಿಯಿತು. ಅದೇ ಜುಲೈನಲ್ಲಿ ಅವರು ಲಂಡನ್ನಿಗೆ ಹೋದಾಗ, ಆಗತಾನೆ ತಂಡ ಕಟ್ಟುತ್ತಿದ್ದ ಅಲ್ಲಿನ ಹುಡುಗರು ಬಂದು ನೋಡಿದರು. ಇಷ್ಟೇ ಸಾಕಲ್ಲ, ನಾವೂ ನುಡಿಸಬಹುದಲ್ಲ ಎಂಬ ಧೈರ್ಯ ಅಲ್ಲಿಂದ ಹಬ್ಬಿತು.

ಆದರೆ ಜಾನಿಯದು ಸುಲಭದ ವಿದ್ಯೆ ಎಂದುಕೊಂಡವರು ಅವನ ಬಲಗೈಯನ್ನು ನೋಡಿಲ್ಲ. ಸಾಮಾನ್ಯವಾಗಿ ಗಿಟಾರ್ ನುಡಿಸುವವರ ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ತಂತಿಯ ಮೇಲೆ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಆಡುತ್ತದೆ. ಜಾನಿಯ ಕೈ ಮೇಲೆ ಹೋಗುವಾಗ ತಂತಿಯನ್ನು ಮುಟ್ಟುತ್ತಿರಲಿಲ್ಲ. ಪ್ರತಿ ಏಟೂ ಕೆಳಮುಖ. ಡೌನ್‌ಸ್ಟ್ರೋಕ್ ಎನ್ನುವುದು ಇದನ್ನೇ. ನಿಮಿಷಕ್ಕೆ 180 ಬೀಟ್‌ಗಳ ಹಾಡಿನಲ್ಲಿ ಬೀಟ್‌ಗೆ ಎರಡರಂತೆ ಸೆಕೆಂಡಿಗೆ ಆರು ಏಟು. ಎರಡು ನಿಮಿಷದ ಹಾಡಿಗೆ 720. ಒಂದು ಹಾಡು ಮುಗಿಯುತ್ತಿದ್ದಂತೆ ಡೀಡೀ ‘ಒನ್ ಟೂ ತ್ರೀ ಫೋರ್’ ಎಂದು ಕೂಗಿದರೆ ಮುಂದಿನದು ಶುರು. ನಡುವೆ ಉಸಿರಾಡಲೂ ಬಿಡುವಿಲ್ಲ. ಜ್ಯಾಮ್ ರೂಮಿನಲ್ಲಿ ಇದನ್ನು ಮೊದಲ ಸಲ ಪ್ರಯತ್ನಿಸುವವರ ಪಾಡು ನೋಡಬೇಕು. ಒಂದು ನಿಮಿಷ ಆಗುವಷ್ಟರಲ್ಲಿ ಮುಂಗೈ ಕಲ್ಲಾಗುತ್ತದೆ, ಬೆವರಿಗೆ ಪಿಕ್ ಜಾರುತ್ತದೆ, ಎರಡನೇ ಹಾಡಿನ ಹೊತ್ತಿಗೆ ಗೊತ್ತಿಲ್ಲದಂತೆಯೇ ಕೈ ಮೇಲೆ-ಕೆಳಗೆ ಆಡತೊಡಗುತ್ತದೆ. ಹಾಗೆ ಆಡಿದ ಕ್ಷಣವೇ ಸದ್ದು ತೆಳುವಾಗುತ್ತದೆ. ಪಕ್ಕದಲ್ಲಿದ್ದವರಿಗೆ ಕೈ ನೋಡದೆಯೇ ಗೊತ್ತಾಗುವಷ್ಟು.

ಬೆಂಗಳೂರಿಗೆ ಇದು ಬಂದದ್ದು ಸುತ್ತು ದಾರಿಯಲ್ಲಿ. ಈ ಊರಿನ ರಾಕ್ ಪ್ರೀತಿ ಹಳೆಯದು, ಆದರೆ ಅದು ಕೈಚಳಕವನ್ನು ಮೆಚ್ಚುವ ಪ್ರೀತಿ. ಕಾಲೇಜು ಫೆಸ್ಟ್‌ಗಳಲ್ಲಿ ಚಪ್ಪಾಳೆ ಬೀಳುತ್ತಿದ್ದುದು ಸೋಲೊಗೆ. ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಹಿಡಿದು ಹೋದವರನ್ನು ಕಲಿತು ಬನ್ನಿ ಎಂಬಂತೆ ನೋಡುತ್ತಿದ್ದರು. ಅದು ಅನ್ಯಾಯವೆಂದೇ ನನ್ನ ಅನಿಸಿಕೆ. 1991ರಲ್ಲಿ ಸ್ಟಾರ್ ಟಿವಿಯೊಂದಿಗೆ ಎಂಟಿವಿ ಮನೆಯೊಳಗೆ ಬಂತು, 1994ರಲ್ಲಿ ಗ್ರೀನ್ ಡೇ ಎಂಬ ಅಮೆರಿಕದ ಪಂಕ್ ತಂಡ ಜಗತ್ತಿನಾದ್ಯಂತ ಮನೆಮಾತಾಯಿತು. ಇವರು ಇದನ್ನು ಎಲ್ಲಿ ಕಲಿತರು ಎಂದು ಹಿಂದಕ್ಕೆ ಹುಡುಕುತ್ತಾ ಹೋದ ಇಲ್ಲಿನ ಹುಡುಗ ಹುಡುಗಿಯರಿಗೆ ಕೊನೆಗೆ ಸಿಕ್ಕಿದ್ದು ರಮೋನ್ಸ್.

ಇನ್ನೊಂದು ದಾರಿ ಹೆವಿ ಮೆಟಲ್ ಎಂಬ ಅಬ್ಬರದ ರಾಕ್‌ನದು. ಆ ಬಗೆಯ ತಂಡವಾದ ಮೆಟಾಲಿಕಾದ ಗಿಟಾರ್ ವಾದಕ ಜೇಮ್ಸ್ ಹೆಟ್‌ಫೀಲ್ಡ್‌ನ ಗುರುತೇ ಡೌನ್‌ಸ್ಟ್ರೋಕ್. ಅದರಲ್ಲಿ ಜಾನಿಯ ಋಣವಿದೆ ಎಂದು ಆತನೇ ಒಪ್ಪಿಕೊಂಡಿದ್ದಾನೆ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ಕೆಸರಿನಲ್ಲಿ ನಿಂತು ತಲೆ ಕುಣಿಸಿದ ಸಾವಿರಾರು ಜನರಲ್ಲಿ ಎಷ್ಟೋ ಮಂದಿ ಜಾನಿಯ ಹೆಸರು ಕೇಳಿರಲಿಕ್ಕಿಲ್ಲ. ಅವನ ಕೈ ಮಾತ್ರ ಅಲ್ಲಿತ್ತು.

ಶೋಕದ ಸರಣಿಯೂ ದೊಡ್ಡದೇ. 2001ರ ಏಪ್ರಿಲ್‌ನಲ್ಲಿ ಜೋಯಿ, 2002ರ ಜೂನ್‌ನಲ್ಲಿ ಡೀಡೀ, 2004ರಲ್ಲಿ ಜಾನಿ. ತಂಡದ 30ನೇ ವರ್ಷದ ಗೌರವಾರ್ಥ ಲಾಸ್ ಏಂಜಲೀಸ್‌ನಲ್ಲಿ ಕಾರ್ಯಕ್ರಮ ನಡೆದ ಮೂರೇ ದಿನಕ್ಕೆ ಅವನ ಸಾವಿನ ಸುದ್ದಿ ಬಂತು. 2014ರಲ್ಲಿ ಟಾಮಿಯೂ ಹೋದಾಗ ಮೂಲ ನಾಲ್ವರಲ್ಲಿ ಒಬ್ಬರೂ ಉಳಿಯಲಿಲ್ಲ.

ಜಾನಿಯನ್ನು ಪ್ರೀತಿಸುವುದು ಅಭಿಮಾನಿಗಳಿಗೂ ಸಲೀಸಲ್ಲ. ಜೋಯಿಯ ಗೆಳತಿಯಾಗಿದ್ದ ಲಿಂಡಾಳನ್ನು ಅವನು ಮದುವೆಯಾದ. ಆಮೇಲೆ ವರ್ಷಗಟ್ಟಲೆ ಜಾನಿ, ಜೋಯಿ ಇಬ್ಬರೂ ಒಂದೇ ವ್ಯಾನಿನಲ್ಲಿ ಊರೂರು ಸುತ್ತಿದರು, ಒಂದೇ ವೇದಿಕೆ ಹತ್ತಿದರು, ಮಾತು ಮಾತ್ರ ಇರಲಿಲ್ಲ. ಜೋಯಿ ಸಾವಿನ ಹಾಸಿಗೆಯಲ್ಲಿದ್ದಾಗಲೂ ಜಾನಿ ಫೋನ್ ಮಾಡಲಿಲ್ಲ. ಪಂಕ್ ಲೋಕದ ಬಹುತೇಕರು ಎಡಕ್ಕೆ ವಾಲಿದ್ದರೆ, ಇವನು 2002ರ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುವಾಗ ದೇವರು ಅಧ್ಯಕ್ಷ ಬುಷ್‌ಗೆ ಒಳ್ಳೆಯದು ಮಾಡಲಿ ಎಂದ. ಪ್ರತಿವರ್ಷ ನೆನಪು ಮಾಡಿಕೊಳ್ಳುವಾಗಲೂ ಈ ಜಗಳ ಏಳುತ್ತದೆ. ಏಳಲೇಬೇಕು. ಸತ್ತವರನ್ನು ದೇವರು ಮಾಡಿ ಕೂರಿಸುವ ನಮ್ಮ ಚಾಳಿಗಿಂತ ಈ ಜಗಳವೇ ಹೆಚ್ಚು ಪ್ರಾಮಾಣಿಕ. ಅವನ ಗುಣವನ್ನೂ ಕೈಯನ್ನೂ ಒಟ್ಟಿಗೆ ನೋಡಿದ ಮೇಲೆಯೂ ಅವನಿಗಾಗಿ ಅಳುವವರಿದ್ದಾರೆ.

ಹದ್ದಿನ ಚಿತ್ರವಿರುವ ರಮೋನ್ಸ್ ಟೀ ಶರ್ಟ್ ಇಂದು ಬೆಂಗಳೂರಿನಲ್ಲೂ ಕಾಣಸಿಗುತ್ತದೆ. ಅಮೆರಿಕದ ಅಧ್ಯಕ್ಷರ ಮುದ್ರೆಯನ್ನು ಮಾರ್ಪಡಿಸಿ ಕಲಾವಿದ ಆರ್ಟುರೊ ವೇಗಾ ಮಾಡಿದ ಲಾಂಛನ ಅದು. ಹದ್ದಿನ ಕಾಲಿನಲ್ಲಿರುವ ಬೇಸ್‌ಬಾಲ್ ಬ್ಯಾಟ್ ಜಾನಿಯ ಬೇಸ್‌ಬಾಲ್ ಹುಚ್ಚಿನ ಗುರುತು. ತೊಟ್ಟವರಿಗೆ ತಂಡ ಗೊತ್ತಿಲ್ಲವೆಂದು ಸಿಡುಕುವವರಿದ್ದಾರೆ. ನನಗೆ ಆ ಸಿಟ್ಟಿಲ್ಲ. ಅಂಗಿಯ ಮೇಲಿನ ಹೆಸರನ್ನು ಒಂದು ದಿನ ಹುಡುಕಿ ಕೇಳಿದರೂ ಸಾಕು.

1977ರಿಂದ ಕೊನೆಯ ಕಾರ್ಯಕ್ರಮದವರೆಗೆ ಅವನ ಹೆಗಲಲ್ಲಿದ್ದ ಬಿಳಿ ಮೊಸ್‌ರೈಟ್ 2021ರ ಹರಾಜಿನಲ್ಲಿ 9 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಅದು ಹಣವಂತರ ಮಾತಾಯಿತು. ಸೆಕೆಂಡ್ ಹ್ಯಾಂಡ್ ಗಿಟಾರ್ ಹಿಡಿದು ಕಲಿಯುವವರಿಗೆ ಆ ಮೊದಲ ಆಲ್ಬಂನಲ್ಲೇ ಪಾಠವಿದೆ. ಅದರ ಸ್ಟೀರಿಯೊದಲ್ಲಿ ಬೇಸ್ ಎಡಗಡೆ, ಗಿಟಾರ್ ಬಲಗಡೆ, ಹಾಡು ಮತ್ತು ಡ್ರಮ್ಸ್ ನಡುವೆ. ಬಲಗಡೆಯದನ್ನು ಮಾತ್ರ ಕೇಳಿದರೆ ಜಾನಿಯ ಒಂದೊಂದು ಏಟೂ ಬಿಡಿಯಾಗಿ ಸಿಗುತ್ತದೆ. ಕೇಳಿ ಕೇಳಿ ಕೈಗೆ ಬಂದ ಮೇಲೆ ಬಲಗಡೆಯದನ್ನು ಮುಚ್ಚಿ ಎಡಗಡೆಯದನ್ನಷ್ಟೇ ಹಾಕಿಕೊಳ್ಳಬೇಕು. ಉಳಿದ ಮೂವರು ನುಡಿಸುತ್ತಿರುತ್ತಾರೆ, ಜಾನಿ ಇರುವುದಿಲ್ಲ. ಅವನ ಜಾಗದಲ್ಲಿ ನಾವು ನುಡಿಸಬೇಕು, ಕೆಳಮುಖವಾಗಿ, 29 ನಿಮಿಷ.