‘ಬಾ’ ಅಂದಿದ್ದು ಬರಹಕ್ಕೆ ಸಿಕ್ಕಿತು, ದನಿ ಸಿಗಲಿಲ್ಲ

ತುರ್ಕಿ ಭಾಷೆಯಲ್ಲಿ ‘ಗೆಲ್’ ಅಂದರೆ ಬಾ. (ನಮ್ಮ ಗೆಲ್ಲುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.) ಅದಕ್ಕೆ ‘ಮೆ’ ಸೇರಿಸಿ ‘ಗೆಲ್‌ಮೆ’ ಅನ್ನಿ. ಮೊದಲ ಭಾಗವನ್ನು ಒತ್ತಿ ಹೇಳಿದರೆ ‘ಬರಬೇಡ’, ಕೊನೆಯದನ್ನು ಒತ್ತಿದರೆ ‘ಬರುವುದು’. ಬರೆಯುವಾಗ ಮಾತ್ರ ಎರಡೂ ಒಂದೇ. ಮನೆಗೆ ಹೊರಟವನನ್ನು ಬಾಗಿಲಲ್ಲೇ ನಿಲ್ಲಿಸುವ ಮಾತು, ಕಾಗದದ ಮೇಲೆ ಗುರುತೇ ಸಿಗುವುದಿಲ್ಲ.

ತುರ್ಕಿಯಿಂದ ಈಶಾನ್ಯ ಸೈಬೀರಿಯದ ಯಾಕೂತಿಯದವರೆಗೆ ಹರಡಿರುವ ತುರ್ಕಿಕ್ ಭಾಷೆಗಳಲ್ಲೂ, ಪಶ್ಚಿಮ ಸೈಬೀರಿಯದ ಓಬ್ ನದಿ ಸೀಮೆಯ ಖಾಂತಿ ಮತ್ತು ಮಾನ್ಸಿ ಭಾಷೆಗಳಲ್ಲೂ (ಇವೆರಡನ್ನೇ ಓಬ್-ಉಗ್ರಿಕ್ ಅನ್ನುವುದು, ಹಂಗೇರಿಯನ್ ಇವಕ್ಕೆ ಹತ್ತಿರದ ನೆಂಟ) ಅಪ್ಪಣೆ ಕೊಡುವ ದನಿ ಹೇಗಿರುತ್ತದೆ, ಕೇಳಿಕೊಳ್ಳುವ ದನಿ ಹೇಗಿರುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವುದು ತಡವಾಗಿದ್ದಕ್ಕೆ ಕಾರಣವೂ ಇದೇ. ಪದ ಬರೆದಿಡಬಹುದು, ಪ್ರತ್ಯಯ ಬರೆದಿಡಬಹುದು. ದನಿಯ ಏರಿಳಿತ ಹೇಗೆ ಬರೆಯುವುದು?

ಮಂಗೋಲಿಯದ ಓರ್ಖೋನ್ ಕಣಿವೆಯಲ್ಲಿ 732ರಲ್ಲಿ ನಿಲ್ಲಿಸಿದ, ಹಳೆಯ ತುರ್ಕಿಕ್ ಭಾಷೆಯ ಕುಲ್ ತೆಗಿನ್ ಶಾಸನ ನೋಡಿ. ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸನ್ 1893ರಲ್ಲಿ ಈ ಲಿಪಿಯ ಗುಟ್ಟು ಬಿಡಿಸಿದರು. ಅದರಲ್ಲಿ ದೊರೆ ಬಿಲ್ಗೆ ಖಾನ ತನ್ನವರಿಗೆ, ನನ್ನ ಮಾತು ಪೂರ್ತಿ ಕೇಳಿ ಅನ್ನುತ್ತಾನೆ. ಬಳಸಿದ ಪದ ‘ಎಶಿದ್‌ಗಿಲ್’. ‘ಎಶಿದ್’ ಅಂದರೇ ಕೇಳು, ‘ಗಿಲ್’ ಅದಕ್ಕೆ ಬಿಗಿ ಕೊಡುವ ಬಾಲ. ಗುಡುಗಿದನೋ, ಗೋಗರೆದನೋ? ಕಲ್ಲಿನಲ್ಲಿ ಉಳಿದಿದ್ದು ಬಾಲ ಮಾತ್ರ.

1070ರ ದಶಕದಲ್ಲಿ ತುರ್ಕಿಕ್ ಪದಗಳಿಗೆ ದೊಡ್ಡ ಅರಬ್ಬಿ ನಿಘಂಟು ಬರೆದ ಮಹಮೂದ್ ಅಲ್-ಕಾಶ್ಗರಿ, ಕಿರಿಯರಿಗೆ ‘ಸೆನ್’, ಗೌರವದವರಿಗೆ ‘ಸಿಜ್’ ಅಂತ ವಿವರಿಸಿದ. ನಮ್ಮ ನೀನು-ನೀವು ಲೆಕ್ಕವೇ, ಅಲ್ವಾ?

ಓಬ್ ಕಡೆಯ ಕಥೆ ಇನ್ನೂ ವಿಚಿತ್ರ. ಹಂಗೇರಿಯ ಅಂತಾಲ್ ರೆಗುಲಿ 1840ರ ದಶಕದಲ್ಲಿ ಅಲ್ಲಿಗೆ ಹೋಗಿ, ಕರಡಿ ಹಬ್ಬದ ಹಾಡುಗಳನ್ನೂ ವೀರರ ಹಾಡುಗಳನ್ನೂ ರಾಶಿ ರಾಶಿ ಬರೆದುಕೊಂಡು ಬಂದರು. ಆರೋಗ್ಯ ಕೆಟ್ಟಿತು. ಅನುವಾದ ಮುಗಿಸದೆ 1858ರಲ್ಲಿ 39ನೇ ವಯಸ್ಸಿಗೇ ತೀರಿಕೊಂಡರು. ಹಂಗೇರಿಯಲ್ಲಿ ಉಳಿದವರಿಗೆ ಆ ಬರಹ ಸರಿಯಾಗಿ ಬಿಡಿಸಲಾಗಲಿಲ್ಲ. ಕೊನೆಗೆ ಬೆರ್ನಾತ್ ಮುಂಕಾಚಿ 1888ರಲ್ಲಿ, ಆಮೇಲೆ ಯೋಜೆಫ್ ಪಾಪಾಯ್ 1898ರಲ್ಲಿ, ಆ ಹಾಳೆಗಳನ್ನು ಓದಿಸಿಕೊಳ್ಳಲಿಕ್ಕೆ ಅಂತಲೇ ಮತ್ತೆ ಸೈಬೀರಿಯಕ್ಕೆ ಹೋಗಬೇಕಾಯಿತು. ಬಾಯಿಲ್ಲದ ಬರಹದ ಪಾಡು ಇದು.

ನನಗೆ ಇಷ್ಟವಾದ ಪಾತ್ರ ಸಂಸ್ಕೃತ ವಿದ್ವಾಂಸ ಓಟೊ ಬೋಟ್ಲಿಂಕ್. ಯಾಕೂತಿಯದ ತುರ್ಕಿಕ್ ಭಾಷೆಯಾದ ಯಾಕೂತ್‌ನ ಮೊದಲ ದೊಡ್ಡ ವ್ಯಾಕರಣ 1851ರಲ್ಲಿ ಅವರದೇ. ಅದಕ್ಕೂ ಮೊದಲೇ ಅವರು ಪಾಣಿನಿಯ ಸೂತ್ರಗಳನ್ನು ಅಚ್ಚು ಹಾಕಿಸಿದ್ದರು. ದೂರದಿಂದ ಕರೆಯುವಾಗ ಕೊನೆಯ ಸ್ವರವನ್ನು ಮೂರು ಮಾತ್ರೆಗೆ ಎಳೆಯಬೇಕು ಅನ್ನುವ ಸೂತ್ರ ಪಾಣಿನಿಯಲ್ಲೇ ಇದೆ. ಕರೆಯುವ ದನಿಯನ್ನೂ ನಿಯಮಕ್ಕೆ ತಂದ ಪುಣ್ಯಾತ್ಮ! ಯಾಕೂತ್ ಅಪ್ಪಣೆಯಲ್ಲೂ ಒಂದು ಸೊಗಸಿದೆ. ‘ಬಾರ್’ ಅಂದರೆ ಈಗಲೇ ಹೋಗು, ‘ಬರಾರ್’ ಅಂದರೆ ಆಮೇಲೆ ಹೋಗು.

ಯಂತ್ರ ಬಂದ ಮೇಲಾದರೂ ಮಾತು ಸಿಕ್ಕಿತಾ? ಅರ್ಧ ಸಿಕ್ಕಿತು. ಫಿನ್ಲೆಂಡಿನ ಭಾಷಾ ವಿದ್ವಾಂಸ ಕನ್ನಿಸ್ತೊ 1901ರಿಂದ 1906ರವರೆಗೆ ಮಾನ್ಸಿಗಳ ನಡುವೆ ಇದ್ದು, ಮೇಣದ ಉರುಳೆಯಲ್ಲಿ ದನಿ ಹಿಡಿಯುವ ಫೋನೋಗ್ರಾಫ್‌ನಲ್ಲೂ ಹಿಡಿದು ತಂದರು. ಅವರೂ ಅವರ ದೇಶದವರೇ ಆದ ಕಾರ್ಯಲೈನೆನ್ ಅವರೂ ತಂದ ಹಾಡಿನ ಮಟ್ಟುಗಳು 1937ರಲ್ಲಿ ಸ್ವರಲಿಪಿಯಲ್ಲಿ ಅಚ್ಚಾದವು. ಆದರೆ ಒಂದು ಉರುಳೆಯಲ್ಲಿ ಹಿಡಿಯುವುದು ಕೆಲವೇ ನಿಮಿಷ. ಅಷ್ಟರಲ್ಲಿ ‘ಸೌದೆ ತಾ’ ಅನ್ನುವುದನ್ನು ಯಾರು ತುಂಬಿಸಿಕೊಳ್ಳುತ್ತಾರೆ?

ದಿನಬಳಕೆಯ ದನಿಯನ್ನು ಅಳೆಯಬೇಕಾದರೆ ಗಂಟಲು ಸೆಕೆಂಡಿಗೆ ಎಷ್ಟು ಸಲ ಕಂಪಿಸಿತು, ಸ್ವರ ಎಷ್ಟು ಹೊತ್ತು ಎಳೆಯಿತು, ಎಷ್ಟು ಜೋರಾಗಿತ್ತು ಅಂತ ನೋಡಬೇಕು. ರಷ್ಯಾದ ಕಜಾನ್‌ನಲ್ಲಿ ಭಾಷಾ ವಿದ್ವಾಂಸ ಬೊಗೊರೊದಿಟ್ಸ್ಕಿ, ಮುಂದೆ ಸೈಬೀರಿಯದ ನೊವೊಸಿಬಿರ್ಸ್ಕ್‌ನಲ್ಲಿ ನದೆಲ್ಯಾಯೆವ್ ಕಟ್ಟಿದ ಪ್ರಯೋಗಾಲಯಗಳಿಂದ ಉಚ್ಚಾರಣೆಯನ್ನು ಯಂತ್ರದಲ್ಲಿ ಅಳೆಯುವ ಕೆಲಸ ಬೆಳೆಯಿತು. ಈಗ ‘ಪ್ರಾಟ್’ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡರೆ ಮನೆಯಲ್ಲೇ ದನಿಯ ಏರಿಳಿತ ಗೆರೆಯಾಗಿ ಕಾಣುತ್ತದೆ.

ಆ ಗೆರೆಯೊಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಇನ್ನೊಂದು ತುರ್ಕಿಕ್ ಭಾಷೆಯಾದ ಕಜಾಕ್‌ನಲ್ಲಿ ‘ಕೆಲ್’ ಅಂದರೆ ಬಾ, ‘ಕೆಲ್‌ಶಿ’ ಅಂದರೆ ಹೆಚ್ಚುಕಡಿಮೆ ನಮ್ಮ ‘ಸ್ವಲ್ಪ ಬಾರಪ್ಪ’. ಆ ಚೂರು ‘ಶಿ’ಯೇ ಮಾತನ್ನು ಮೆತ್ತಗೆ ಮಾಡುತ್ತದೆ. ಹಾಗಂತ ಅದನ್ನೇ ಹಲ್ಲು ಕಚ್ಚಿಕೊಂಡೂ ಹೇಳಬಹುದು, ನಮ್ಮಲ್ಲಿ ‘ಬಾರಪ್ಪ ಬಾ’ ಅಂತ ಮಗನನ್ನು ಗದರಿಸುವ ಹಾಗೆ. ಅಂದ ಹಾಗೆ, ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ 1856ರಲ್ಲಿ ನಮ್ಮ ಭಾಷೆಗಳನ್ನೂ ಈ ಕಡೆಯ ಭಾಷೆಗಳ ಬಳಗಕ್ಕೇ ಸೇರಿಸಲು ಹೊರಟಿದ್ದರು. ಆ ನೆಂಟಸ್ತನವನ್ನು ಈಗ ಹೆಚ್ಚಿನವರು ಒಪ್ಪುವುದಿಲ್ಲ.

ಇನ್ನೊಂದು ತೊಡಕು ಯಂತ್ರದ್ದಲ್ಲ, ಮನುಷ್ಯರದ್ದು. 2010ರ ರಷ್ಯಾ ಜನಗಣತಿಯಲ್ಲಿ ಮಾನ್ಸಿ ಬರುತ್ತದೆ ಅಂದವರು ಸಾವಿರಕ್ಕೂ ಕಡಿಮೆ. ಅವರಲ್ಲೊಬ್ಬರನ್ನು ಮೈಕಿನ ಮುಂದೆ ಕೂರಿಸಿ, ಚೀಟಿ ಕೊಟ್ಟು, ‘ಬಾಗಿಲು ಹಾಕು’ ಅಂತ ಅಪ್ಪಣೆಯ ದನಿಯಲ್ಲಿ ಓದಿ ಅಂದರೆ ಏನು ಬಂದೀತು? ಕೋಣೆಯ ಬಾಗಿಲು ಮೊದಲೇ ಹಾಕಿರುತ್ತದೆ.