ಪಿಯಾನೊಗೆ ಸಿಗದ ಸ್ವರ: ಟರ್ಕಿಯಲ್ಲಿ ಪಾಶ್ಚಾತ್ಯ ಸಂಗೀತ ಬೆಳೆದ ಬಗೆ

1934ರ ನವೆಂಬರ್‌ನಲ್ಲಿ ಟರ್ಕಿಯ ರೇಡಿಯೊದಲ್ಲಿ ಟರ್ಕಿಯದ್ದೇ ಹಳೆಯ ಶಾಸ್ತ್ರೀಯ ಸಂಗೀತ ನಿಂತುಹೋಯಿತು. ಅಧ್ಯಕ್ಷ ಅತಾತುರ್ಕ್ ಸಂಸತ್ತಿನಲ್ಲಿ ಮಾಡಿದ ಭಾಷಣದ ಬೆನ್ನಿಗೇ ಬಂದ ಆದೇಶ ಅದು. ಸುಮಾರು 20 ತಿಂಗಳು ಜಾರಿಯಲ್ಲಿತ್ತು. ಜನ ಏನು ಮಾಡಿದರು? ಸುಮ್ನೆ ರೇಡಿಯೊ ತಿರುಗಿಸಿ ಈಜಿಪ್ಟಿನ ಸ್ಟೇಷನ್ ಹಾಕಿಕೊಂಡರು.

ಆದರೆ ಪಾಶ್ಚಾತ್ಯ ಸಂಗೀತ ಅಲ್ಲಿಗೆ ಬಂದದ್ದು ಇದಕ್ಕಿಂತ ನೂರು ವರ್ಷ ಮುಂಚೆ. 1826ರಲ್ಲಿ ಸುಲ್ತಾನ ಎರಡನೇ ಮಹಮೂದ್ ತನ್ನ ಮಾತು ಕೇಳದ ಜಾನಿಸರಿ ಸೈನ್ಯವನ್ನು ಹುಟ್ಟಡಗಿಸಿದ. ಅದರ ಮೆಹ್ತರ್ ವಾದ್ಯಮೇಳವೂ ಜೊತೆಗೇ ಹೋಯಿತು. (ತಮಾಷೆಯೆಂದರೆ, ಯುರೋಪಿನ ಆರ್ಕೆಸ್ಟ್ರಾಗಳಿಗೆ ದೊಡ್ಡ ಡ್ರಮ್ಮು, ತಾಳಗಳು ಬಂದದ್ದೇ ಈ ಮೇಳದ ಪ್ರಭಾವದಿಂದ.) ಹೊಸ ಸೈನ್ಯಕ್ಕೆ ಹೊಸ ಬ್ಯಾಂಡ್ ಬೇಕಿತ್ತು. 1828ರಲ್ಲಿ ಇಟಲಿಯಿಂದ ಜುಸೆಪ್ಪೆ ದೋನಿಜೆತ್ತಿ ಬಂದ. ಒಪೆರಾಗಳಿಂದ ಹೆಸರಾದ ಗಯೆತಾನೊ ದೋನಿಜೆತ್ತಿಯ ಅಣ್ಣ. ಅಲ್ಲಿನವರಿಗೆ ಪಾಠ ಹೇಳಲು ಮೊದಲು ತಾನೇ ಅಲ್ಲಿನ ಹಂಪಾರ್ಸುಂ ಸ್ವರಲಿಪಿ ಕಲಿತ. ಪಾಶಾ ಬಿರುದು ಪಡೆದು, 1856ರಲ್ಲಿ ಇಸ್ತಾಂಬುಲ್‌ನಲ್ಲೇ ತೀರಿಕೊಂಡ. ಮುಂದೆ ಸುಲ್ತಾನ ಅಬ್ದುಲ್ ಅಜೀಜ್ ತಾನೇ ವಾಲ್ಟ್ಸ್ ಎಂಬ ಯುರೋಪಿನ ಕುಣಿತದ ಸಂಗೀತ ರಚಿಸಿದ. ಇದೆಲ್ಲ ಹೆಚ್ಚಾಗಿ ಅರಮನೆ ಮತ್ತು ರಾಜಧಾನಿಯ ಶೋಕಿ. ಹಳ್ಳಿಗಳಿಗೆ ಇದರ ಗಾಳಿಯೂ ಸೋಕಿರಲಿಲ್ಲ.

1923ರಲ್ಲಿ ಗಣರಾಜ್ಯ ಬಂದಾಗ ಸಂಗೀತ ಸರ್ಕಾರದ ಕೆಲಸವಾಯಿತು. ಚಿಂತಕ ಜಿಯಾ ಗೊಕಾಲ್ಪ್ ಒಂದು ಸೂತ್ರ ಕೊಟ್ಟರು: ಒಟ್ಟೋಮನ್ ಸಂಗೀತ ನಮ್ಮದಲ್ಲ, ಅದಕ್ಕೂ ಮುಂಚೆ ಅಲ್ಲಿ ಆಳಿದ ಗ್ರೀಕ್ ಸಾಮ್ರಾಜ್ಯ ಬೈಜಾಂಟಿಯಮ್‌ನಿಂದ ಬಂದದ್ದು, ಹಳ್ಳಿಯ ಹಾಡು ನಮ್ಮದು, ಅದಕ್ಕೆ ಪಾಶ್ಚಾತ್ಯ ಹಾರ್ಮನಿ (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಬಗೆ) ಸೇರಿಸಿದರೆ ರಾಷ್ಟ್ರೀಯ ಸಂಗೀತ ಸಿದ್ಧ. ಕೇಳಲು ಸಲೀಸು. ಆದರೆ ತುರ್ಕರು, ಗ್ರೀಕರು, ಅರ್ಮೇನಿಯನ್ನರು, ಯಹೂದಿಗಳು ಸೇರಿ ಬೆಳೆಸಿದ ಸಂಗೀತವನ್ನು ಹೀಗೆ ಹೊರಗಿನದು ಎಂದು ತಳ್ಳಿಬಿಡುವುದು ಅನ್ಯಾಯವೇ. 1926ರಲ್ಲಿ ಇಸ್ತಾಂಬುಲ್‌ನ ಸರ್ಕಾರಿ ಸಂಗೀತ ಶಾಲೆಯಲ್ಲಿ ಅದರ ಪಾಠವೂ ನಿಂತಿತು.

‘ಟರ್ಕಿಯ ಐವರು’ ಎಂದು ಹೆಸರಾದವರು ಈ ಹೊತ್ತಿನ ಸಂಗೀತಗಾರರು. ಜೆಮಾಲ್ ರೆಶಿತ್ ರೇ, ಉಲ್ವಿ ಜೆಮಾಲ್ ಎರ್ಕಿನ್, ಅಹ್ಮದ್ ಅದ್ನಾನ್ ಸಾಯ್ಗುನ್ ಪ್ಯಾರಿಸ್‌ನಲ್ಲಿ ಕಲಿತರು. ಹಸನ್ ಫೆರಿತ್ ಅಲ್ನಾರ್, ನೆಜಿಲ್ ಕಾಜಿಮ್ ಅಕ್ಸೆಸ್ ವಿಯೆನ್ನಾದಲ್ಲಿ.

ವಾಪಸ್ ಬಂದ ಮೇಲೆ ಸೂತ್ರದ ಎಡವಟ್ಟು ಗೊತ್ತಾಯಿತು. ಅಲ್ಲಿನ ಮಕಾಮ್‌ಗಳು ನಮ್ಮ ರಾಗಗಳ ಹಾಗೆ ಒಂಟಿ ಎಳೆಯ ಸಂಗೀತ. ಸಿದ್ಧಾಂತದಲ್ಲಿ ಒಂದು ಪೂರ್ಣ ಸ್ವರದ ಅಂತರವನ್ನು ಒಂಬತ್ತು ‘ಕೋಮಾ’ಗಳಾಗಿ ಒಡೆಯುತ್ತಾರೆ. ಪಿಯಾನೊಗೆ ಗೊತ್ತಿರುವುದು ಅರ್ಧ ಸ್ವರ ಮಾತ್ರ. ಹಾರ್ಮೋನಿಯಂನಲ್ಲಿ ತೋಡಿಯ ಗಮಕ ಹಿಡಿಯಹೋದವರಿಗೆ ಈ ಪಾಡು ಗೊತ್ತು. ಲಯದ ವಿಷಯದಲ್ಲಿ ಅಷ್ಟು ಕಷ್ಟವಿರಲಿಲ್ಲ. ‘ಅಕ್ಸಕ್’ ಎಂಬ ಕುಂಟು ನಡೆ ಇದೆ: ಎರಡು, ಎರಡು, ಎರಡು, ಮೂರು, ಒಟ್ಟು ಒಂಬತ್ತು. ಇಂಥ ಕುಣಿತದ ನಡೆಗಳಿಂದಲೇ ಎರ್ಕಿನ್ 1943ರಲ್ಲಿ ‘ಕೊಚೆಕ್ಚೆ’ ಎಂಬ ಆರ್ಕೆಸ್ಟ್ರಾ ಕೃತಿ ಬರೆದರು.

ಸಾಯ್ಗುನ್ ಇನ್ನೊಂದು ದಾರಿ ಹಿಡಿದರು. 1936ರಲ್ಲಿ ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ ಅದಾನಾ ಸೀಮೆಗೆ ಹಾಡು ಸಂಗ್ರಹಿಸಲು ಬಂದಾಗ ಜೊತೆಗಿದ್ದವರು ಇವರೇ. ಓಸ್ಮಾನಿಯೆಯಲ್ಲಿ 70 ವರ್ಷದ ಅಜ್ಜ ಒಬ್ಬರು ಹಾಡಿದರು, ಬಾರ್ಟೋಕ್ ಮೇಣದ ಸಿಲಿಂಡರ್‌ನಲ್ಲಿ ಧ್ವನಿ ಹಿಡಿದುಕೊಂಡರು. ಆ ಹಾಡು ಹಳೆಯ ಹಂಗೇರಿಯನ್ ಧಾಟಿಯದೇ ಇನ್ನೊಂದು ರೂಪದಂತೆ ಕೇಳಿ ಬಾರ್ಟೋಕ್‌ಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಬಾಯಿಂದ ಬಾಯಿಗೆ ಬಂದ ಹಾಡನ್ನು ಅದರ ಪಾಡಿಗೆ ಕೇಳುವ ಈ ಅಭ್ಯಾಸ ಸಾಯ್ಗುನ್ ಅವರನ್ನೂ ಬಿಡಲಿಲ್ಲ.

ಅವರ ‘ಯೂನುಸ್ ಎಮ್ರೆ’ ಓರಟೋರಿಯೊ (ಗಾಯಕರು, ಆರ್ಕೆಸ್ಟ್ರಾ ಸೇರಿ ನಡೆಸುವ ದೀರ್ಘ ಗಾಯನ ಕೃತಿ) 1942ರಲ್ಲಿ ಮುಗಿಯಿತು, 1946ರಲ್ಲಿ ಅಂಕಾರಾದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದರ ಸಾಹಿತ್ಯ ಅದೇ ಹೆಸರಿನ ಸೂಫಿ ಕವಿಯದು. ಸೂಫಿ ಭಕ್ತಿಗೀತೆಗಳ ಧಾಟಿಯೂ ಅದರಲ್ಲಿದೆ. ಇದೇ ಗಣರಾಜ್ಯ 1925ರಲ್ಲಿ ಸೂಫಿ ಮಠಗಳಿಗೆ ಬೀಗ ಹಾಕಿತ್ತು! ಅದೇ ಗಣರಾಜ್ಯಕ್ಕೆ ಹೊರಗೆ ಹೆಸರು ತಂದ ಕೃತಿ ಇದು. 1958ರಲ್ಲಿ ಹೆಸರಾಂತ ಆರ್ಕೆಸ್ಟ್ರಾ ನಿರ್ದೇಶಕ ಸ್ಟೊಕೊವ್ಸ್ಕಿ ನ್ಯೂಯಾರ್ಕ್‌ನಲ್ಲಿ ಇದನ್ನು ನಡೆಸಿಕೊಟ್ಟರು.

ನನ್ನ ಮೆಚ್ಚಿನವರು ಮಾತ್ರ ಅಲ್ನಾರ್. ಚಿಕ್ಕಂದಿನಿಂದ ಕನೂನ್ ನುಡಿಸುತ್ತಿದ್ದವರು. ಮಡಿಲಲ್ಲಿಟ್ಟು ಮೀಟುವ ಈ ತಂತಿವಾದ್ಯದಲ್ಲಿ ಪ್ರತಿ ತಂತಿಗುಚ್ಛಕ್ಕೂ ಪುಟ್ಟ ಪುಟ್ಟ ಲೋಹದ ಹಿಡಿಗಳಿವೆ. ಅವನ್ನು ಎತ್ತಿ ಇಳಿಸಿದರೆ ಸ್ವರ ಕೂದಲೆಳೆಯಷ್ಟು ಸರಿಯುತ್ತದೆ. ಸ್ವರ ಪಿಯಾನೊಗೆ ಸಿಗದಿದ್ದರೆ ಏನಂತೆ, ಆ ವಾದ್ಯವನ್ನೇ ಕರೆಯೋಣ ಎಂಬಂತೆ ಅಲ್ನಾರ್ ಕನೂನ್‌ಗೇ ಒಂದು ಕನ್ಸರ್ಟೊ (ಆರ್ಕೆಸ್ಟ್ರಾ ಜೊತೆಗೆ ಒಂದು ವಾದ್ಯ ಮುಂದೆ ನಿಂತು ನುಡಿಯುವ ಕೃತಿ) ಬರೆದರು.

ಮುಂದಿನ ತಲೆಮಾರಿಗೆ ಹಳ್ಳಿ ಹಾಡಿನ ಹಂಗು ಅಷ್ಟಿರಲಿಲ್ಲ. ಇಲ್ಹಾನ್ ಉಸ್ಮಾನ್‌ಬಾಶ್ ಹೊಸ ಪ್ರಯೋಗಗಳತ್ತ ಹೋದರು. ಬುಲೆಂತ್ ಅರೆಲ್ ಅಮೆರಿಕದಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡಿದರು. ಈಗಿನ ಫಾಜಿಲ್ ಸಾಯ್ ತಮ್ಮ ‘ಕರಾ ತೊಪ್ರಾಕ್’ ನುಡಿಸುವಾಗ ಪಿಯಾನೊದ ಒಳಗೆ ಕೈ ಹಾಕಿ ತಂತಿ ಅದುಮುತ್ತಾರೆ, ಅದು ಜನಪದ ಗಾಯಕರ ಸಾಜ್ ವಾದ್ಯದಂತೆ ನುಡಿಯಲಿ ಅಂತ.

ಕೇಳಬೇಕೆನ್ನುವವರು ‘ಕೊಚೆಕ್ಚೆ’ಯಿಂದ ಶುರುಮಾಡಿ. ಹತ್ತು ನಿಮಿಷದ ಆಸುಪಾಸು, ಯೂಟ್ಯೂಬ್‌ನಲ್ಲಿ ಸಿಗುತ್ತದೆ. ‘ಯೂನುಸ್ ಎಮ್ರೆ’ಗೆ ಜಾಸ್ತಿ ಹೊತ್ತು ಬೇಕು, ಒಂದು ಭಾನುವಾರ ಎತ್ತಿಡಿ.